ಹೂವಿಗೆ ಹಿಡಿದ ಟಾರ್ಪಾಲು

ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿಗೆ ಆಗಲೇ ಒಂದು ಹೆಸರು ಗೊತ್ತು ಮಾಡಿದ್ದರು. ಅದು ಇನ್ನೂ ಚಂಡಮಾರುತ ಆಗಿರಲಿಲ್ಲ. ಆಗಬಹುದು, ಆಗದೆಯೂ ಇರಬಹುದು ಎಂದು ಟಿವಿಯವರು ಹೇಳುತ್ತಿದ್ದರು. ಆದರೂ ಹೆಸರು ರೆಡಿ. ನಮ್ಮ ಎಸ್ಟೇಟಿನ ಧರ್ಮೇಶ್ ಸಾಹುಕಾರರು ಆ ಹೆಸರನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮಗಳ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಸಾಹುಕಾರರು ಹುಟ್ಟುವ ಮೊದಲಿನಿಂದ ನನ್ನ ಅತ್ತೆ ಅದೇ ಎಸ್ಟೇಟಿನಲ್ಲಿ ದುಡಿಯುತ್ತಿದ್ದಾಳೆ. ಅವಳನ್ನು ಅವರು ಕರೆಯುವುದು ‘ಏಯ್’ ಎಂದು.

ನಾನು ಯಮುನ. ನಾವು ಯರವರು, ಕೊಡಗಿನ ಕಾಡಿನ ಜನ. ಸಿದ್ದಾಪುರದಿಂದ ಒಳಗೆ, ಬಸ್ಸು ತಿರುಗುವ ಜಾಗದಿಂದ ಇನ್ನೂ ಒಳಗೆ, ಎಸ್ಟೇಟಿನ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇರುವವರು. ನಾನು ಏಳನೇ ಕ್ಲಾಸು ಓದಿದ್ದೇನೆ. ಬರೆಯಲು ಅಷ್ಟು ಸಾಕು. ಸಿಟ್ಟು ಬರಲು ಅಷ್ಟೂ ಬೇಡ.

ಆ ವರ್ಷ ಹೂಮಳೆ ಕೈಕೊಟ್ಟಿತು. ಕಾಫಿ ಗಿಡದ ಮೊಗ್ಗು ಅರಳಬೇಕಾದರೆ ಬೇಸಿಗೆಯಲ್ಲಿ ಒಂದು ಒಳ್ಳೆಯ ಮಳೆ ಬೀಳಬೇಕು. ಬೀಳದಿದ್ದರೆ ಅನುಕೂಲ ಇದ್ದವರು ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಕಿಸುತ್ತಾರೆ. ಸಾಹುಕಾರರು ಬಂಗಲೆಯ ಮುಂದಿನ ಕೆಳಗಿನ ಬ್ಲಾಕಿಗೆ ಹಾಕಿಸಿದರು. ಪೈಪು ಹೊತ್ತವರು ನಾವು. ಒಂದು ಜಾಗ ನೆನೆದ ಮೇಲೆ ಪೈಪು ಬಿಚ್ಚಬೇಕು, ಹೆಗಲಿಗೇರಿಸಬೇಕು, ಗಿಡಗಳ ನಡುವೆ ನುಗ್ಗಬೇಕು, ಮತ್ತೆ ಜೋಡಿಸಬೇಕು. ರೆಂಬೆ ಮುಖಕ್ಕೆ ಹೊಡೆಯುತ್ತದೆ. ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ. ನನ್ನ ಮಾವ ಕೆಂಚ ಹಾಗೆ ಪೈಪು ಹೊತ್ತು ಹೋಗುವಾಗ ಜಾರಿ ಬಿದ್ದ. ಆಳುಗಳ ಲೆಕ್ಕ ಬರೆದು ಕೆಲಸ ಮಾಡಿಸುವ ರೈಟರ್ ಸಾಂತಪ್ಪನವರು ಓಡಿ ಬಂದರು. ಪೈಪನ್ನು ಎತ್ತಿ, ತಿರುಗಿಸಿ ನೋಡಿ, ಏನೂ ಆಗಿಲ್ಲ ಎಂದು ಉಸಿರು ಬಿಟ್ಟರು. ಮಾವನ ಸೊಂಟ ಹೋಗಿತ್ತು. ಅವನನ್ನು ನಾವೇ ಕಂಬಳಿಯಲ್ಲಿ ಹಾಕಿಕೊಂಡು ಬಂದೆವು. ಅವತ್ತಿನಿಂದ ಅವನು ಮಂಚದ ಮೇಲೆ.

ಕೆರೆಯ ತಳ ಕಾಣತೊಡಗಿತು. ಆಗ ಸಾಹುಕಾರರ ಕಣ್ಣು ನಮ್ಮ ನಲ್ಲಿಯ ಮೇಲೆ ಬಿತ್ತು. ಗುಡ್ಡದ ಮೇಲಿನ ಟ್ಯಾಂಕಿನಿಂದ ಲೈನಿಗೆ ಬರುವ ಪೈಪಿಗೆ ಒಂದು ವಾಲ್ವ್ ಇದೆ. ಸಾಂತಪ್ಪನವರು ಅದನ್ನು ಬಿಗಿಯಾಗಿ ತಿರುಗಿಸಿ, ಮೇಲೆ ಕಬ್ಬಿಣದ ಪೆಟ್ಟಿಗೆ ಮುಚ್ಚಿ ಬೀಗ ಜಡಿದರು. ಕೀ ಸಾಹುಕಾರರ ಜೇಬಿಗೆ ಹೋಯಿತು.

"ಹೂ ಆಗೋವರೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದರು ಸಾಂತಪ್ಪನವರು.

"ಹೂ ಆಗೋವರೆಗೆ ನಮಗೆ ಬಾಯಾರ್ಕೆ ಆಗ್ಬಾರ್ದಾ ರೈಟ್ರೇ?" ಅತ್ತೆ ಕೇಳಿದಳು.

"ಹಂಗಲ್ಲ. ಇದು ಎಲ್ಲರ ಹೊಟ್ಟೆ ಪ್ರಶ್ನೆ."

ಎಲ್ಲರ ಹೊಟ್ಟೆ ಎನ್ನುವಾಗ ಅವರ ಕೈ ತಮ್ಮ ಹೊಟ್ಟೆಯ ಮೇಲಿತ್ತು.

ನಾವು ಪಕ್ಕದ ತೋಟದ ಒರತೆಗೆ ಹೋದೆವು. ಅಲ್ಲಿ ತಂತಿ ಬೇಲಿ, ಒಂದು ಬೋರ್ಡು, ಒಂದು ನಾಯಿ. ಒಳಗೆ ಬರಬಾರದು ಎಂದು ಬೋರ್ಡಿನಲ್ಲಿ ಬರೆದದ್ದು ನಾಯಿಗೆ ಚೆನ್ನಾಗಿ ಗೊತ್ತಿತ್ತು. ಲೈನಿನ ಪಕ್ಕದ ಮನೆಯ ರಾಮಮ್ಮನ ಸೀರೆ ಹರಿಯಿತು. ಒರತೆಯಲ್ಲಿ ಸಿಕ್ಕಿದ್ದು ಮಣ್ಣು ಕದಡಿದ ನೀರು. ಅದನ್ನೇ ಸೋಸಿ, ಕುದಿಸಿ, ಮಾವನಿಗೆ ಮೊದಲು ಕೊಟ್ಟು, ಉಳಿದದ್ದನ್ನು ಹಂಚಿಕೊಂಡು ಕುಡಿದೆವು.

ಒಂದು ದಿನ ತಡೆಯಲಾರದೆ ಬಂಗಲೆಯ ಹೂದೋಟದ ನಲ್ಲಿಗೆ ಹೋದೆ. ಬಂಗಲೆಯಲ್ಲಿ ಹೋಂಸ್ಟೇ ನಡೆಸುತ್ತಾರೆ. ಕಾಫಿ ಹೂ ನೋಡಲು ಗೆಸ್ಟುಗಳು ಬಂದಿಳಿದಿದ್ದರು. ಅವರಲ್ಲೊಬ್ಬಾಕೆ ನನ್ನನ್ನು ಕಂಡು ಬಹಳ ಸಂತೋಷಪಟ್ಟರು.

"ಹಾಗೇ ನಿಲ್ಲಿ! ಕೊಡ ಸೊಂಟದ ಮೇಲೆ ಇಟ್ಕೊಳ್ಳಿ. ಸ್ವಲ್ಪ ಭಾರ ಇರೋ ಹಾಗೆ ಕಾಣ್ಬೇಕು."

ಖಾಲಿ ಕೊಡಕ್ಕೆ ಸೊಂಟ ಬಾಗಿಸಿ ನಿಂತೆ. ನಗಿ ಎಂದರು. ನಕ್ಕೆ. ಫೋಟೋ ಬಹಳ ಚೆನ್ನಾಗಿ ಬಂದಿದೆ ಎಂದರು. ಅಷ್ಟರಲ್ಲಿ ಸಾಹುಕಾರರು ವರಾಂಡದಿಂದ ಕೂಗಿದರು.

"ಏಯ್, ನಲ್ಲಿ ಮುಟ್ಬೇಡ. ಗೆಸ್ಟ್‌ಗಳ ಸ್ನಾನಕ್ಕೇ ನೀರು ಸಾಲ್ತಾ ಇಲ್ಲ."

ಆ ಫೋಟೋದಲ್ಲಿ ನಾನು ತುಂಬಿದ ಕೊಡ ಹಿಡಿದು ನಗುತ್ತಿದ್ದೇನೆ. ನೋಡಿದವರೆಲ್ಲ ಕೊಡಗಿನಲ್ಲಿ ನೀರಿಗೇನೂ ಬರವಿಲ್ಲ ಎಂದುಕೊಂಡಿರಬೇಕು.

ಇಷ್ಟರ ನಡುವೆ ಕೊಲ್ಲಿಯಲ್ಲಿ ಗಾಳಿ ಎದ್ದಿತು. ಮಳೆ ತರಬಹುದು ಎಂದರು. ಲೈನಿನಲ್ಲಿ ನಾವು ಕುಣಿಯುವುದೊಂದು ಬಾಕಿ. ಆದರೆ ಸಾಹುಕಾರರ ಕಷ್ಟ ಬೇರೆ ಇತ್ತು. ರಸ್ತೆಯಿಂದ ಮೇಲಿನ ಬ್ಲಾಕಿಗೆ ಸ್ಪ್ರಿಂಕ್ಲರ್ ನೀರು ಸಾಲದೆ ಮೊಗ್ಗು ಹಾಗೇ ಕಡ್ಡಿಯಾಗಿ ನಿಂತಿತ್ತು. ಅಲ್ಲಿಗೆ ಮಳೆ ಬೇಕೇ ಬೇಕು. ರಸ್ತೆಯಿಂದ ಕೆಳಗಿನ ಬ್ಲಾಕು ಸರಿಯಾಗಿ ಅದೇ ಹೊತ್ತಿಗೆ ಅರಳುವುದರಲ್ಲಿತ್ತು. ಅರಳಿದ ದಿನ ಮಳೆ ಬಿದ್ದರೆ ಹೂ ಹಾಳು, ಕಾಯಿ ಕಚ್ಚುವುದಿಲ್ಲ. ಅಲ್ಲಿಗೆ ಮಳೆ ಬೇಡವೇ ಬೇಡ. ನಡುವೆ ಇದ್ದದ್ದು ಒಂದು ಜೀಪು ಹೋಗುವಷ್ಟು ರಸ್ತೆ.

ಎಸ್ಟೇಟಿನ ಗುಡಿಯಲ್ಲಿ ಪೂಜೆ ಇಟ್ಟರು. ನಮ್ಮನ್ನೂ ಕರೆದು ಅಂಗಳದ ಆಚೆ ನಿಲ್ಲಿಸಿದರು.

"ಭಟ್ಟರೇ, ಸಂಕಲ್ಪ ಸರಿಯಾಗಿ ಹೇಳಿ," ಎಂದರು ಸಾಹುಕಾರರು. "ರಸ್ತೆಯಿಂದ ಮೇಲೆ ಒಂದಿಂಚು. ರಸ್ತೆಯಿಂದ ಕೆಳಗೆ ಒಂದು ಹನಿಯೂ ಬೇಡ."

"ಗಾಳಿ?"

"ಗಾಳಿ ಎಲ್ಲೂ ಬೇಡ. ನೆರಳಿನ ಸಿಲ್ವರ್ ಮರ ಬೀಳ್ತದೆ."

ಭಟ್ಟರು ಕಣ್ಣು ಮುಚ್ಚಿ ಮಂತ್ರದಲ್ಲಿ ಸ್ವಲ್ಪ ದೂರ ಹೋದರು. ಮತ್ತೆ ಕಣ್ಣು ಬಿಟ್ಟು ಕೇಳಿದರು. "ರಸ್ತೆ ಮೇಲೆ?"

ಸಾಹುಕಾರರು ಯೋಚಿಸಿದರು. "ರಸ್ತೆ ಮೇಲೆ ಬೇಕಾದ್ರೆ ಬೀಳ್ಲಿ. ಧೂಳು ಕೂತ್ಕೊಳ್ತದೆ."

"ಲೈನಿಗೆ?" ಅತ್ತೆ ಹಿಂದಿನಿಂದ ಕೇಳಿದಳು.

ಭಟ್ಟರು ಜೋರಾಗಿ ಗಂಟೆ ಬಾರಿಸಿದರು.

ಸಾಹುಕಾರರ ಫೋನಿನಲ್ಲಿ ಎರಡು ಆ್ಯಪ್ ಇದ್ದವು. ಒಂದರಲ್ಲಿ ಗಾಳಿ ನಮ್ಮ ಕಡೆ ಬರುತ್ತಿತ್ತು. ಇನ್ನೊಂದರಲ್ಲಿ ಬರ್ಮಾಕ್ಕೆ ಹೋಗುತ್ತಿತ್ತು. ಅವರು ಒಂದನ್ನು ನೋಡಿ ಹೆದರುವುದು, ಇನ್ನೊಂದನ್ನು ನೋಡಿ ಅಳುಮೋರೆ ಹಾಕುವುದು. ಸಾಂತಪ್ಪನವರೂ ತಮ್ಮ ಫೋನಿನಲ್ಲಿ ಅದನ್ನು ಇಳಿಸಿಕೊಂಡು ನಮಗೆ ತೋರಿಸಿದರು. ಕೆಂಪು, ಹಳದಿ ಬಣ್ಣ ಬೀಸುವ ಕಲ್ಲಿನ ಹಾಗೆ ಸುತ್ತುತ್ತಿತ್ತು.

"ಇದಕ್ಕೆ ಹೆಸರಿಟ್ಟದ್ದು ಯಾರು ರೈಟ್ರೇ?" ಅತ್ತೆ ಕೇಳಿದಳು.

"ಬೇರೆ ಬೇರೆ ದೇಶದೋರು ಕೂತು ಇಡ್ತಾರೆ."

"ಹುಟ್ಟೋಕೆ ಮೊದ್ಲೇ?"

"ಹೌದು. ಮೊದ್ಲೇ ಇಟ್ಟಿರ್ತಾರೆ."

"ಒಳ್ಳೆ ಮನೇಲಿ ಹುಟ್ತದೆ ಬಿಡಿ," ಎಂದಳು ಅತ್ತೆ.

ಕೆಳಗಿನ ಬ್ಲಾಕು ಅರಳಿದ ಬೆಳಿಗ್ಗೆ ಗುಡ್ಡವೆಲ್ಲ ಬೆಳ್ಳಗಾಗಿತ್ತು. ವಾಸನೆ ತಲೆಗೇರುತ್ತಿತ್ತು. ಆಕಾಶದ ಒಂದು ಮೂಲೆಯಲ್ಲಿ ಮೋಡ ಕಟ್ಟಿತ್ತು. ಸಾಂತಪ್ಪನವರು ಓಡುತ್ತಾ ಲೈನಿಗೆ ಬಂದರು.

"ಎಲ್ಲರೂ ಮನೆ ಮಾಡು ಹತ್ತಿ. ಟಾರ್ಪಾಲು ಬಿಚ್ಚಿ. ಎಸ್ಟೇಟಿಂದೆಲ್ಲ ಕಣದಲ್ಲಿ ಕಾಳುಮೆಣಸಿನ ಮೇಲೆ ಹೊದಿಸಿಬಿಟ್ಟಿದ್ದೀವಿ. ಬಂಗಲೆ ಮುಂದಿನ ಹೂವಿಗೆ ಹಿಡಿಯೋಕೆ ಏನೂ ಇಲ್ಲ."

ನಮ್ಮ ಮಾಡಿನ ಶೀಟು ಒಡೆದು ಎಷ್ಟೋ ಕಾಲವಾಗಿದೆ. ಅದರ ಮೇಲೆ ಕಟ್ಟಿದ ನೀಲಿ ಟಾರ್ಪಾಲು ಎಸ್ಟೇಟಿನದ್ದಲ್ಲ. ಒಂದು ದೊಡ್ಡ ಮಳೆಗಾಲದಲ್ಲಿ ಪಂಚಾಯ್ತಿಯವರು ನಮಗೆ ಕೊಟ್ಟದ್ದು.

"ಅದನ್ನ ಬಿಚ್ಚಿದ್ ಮೇಲೆ ಮಳೆ ಬಂದ್ರೆ?" ನಾನು ಕೇಳಿದೆ.

"ಮಳೆ ಬಂದ್ರೆ ಅಂತಲೇ ಅಲ್ವಾ ಮಾರಾಯ್ತಿ ಬಿಚ್ಚೋದು!"

ಬಿಚ್ಚದವರಿಗೆ ಲೈನಿನಲ್ಲಿ ಜಾಗ ಇಲ್ಲ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ನಾನು ಮಾಡು ಹತ್ತಿದೆ. ಕಲ್ಲು ಕೆಳಗಿಟ್ಟೆ. ಹಗ್ಗ ಬಿಚ್ಚಿದೆ. ಒಡೆದ ಶೀಟಿನ ಸಂದಿಯಲ್ಲಿ ಕೆಳಗೆ ಮಂಚದ ಮೇಲೆ ಮಲಗಿದ್ದ ಮಾವನ ಮುಖ ಕಾಣಿಸಿತು.

"ಬಿಚ್ಚು ಬಿಚ್ಚು," ಎಂದ ಅವನು. "ನಂಗೆ ಆಕಾಶ ಕಾಣ್ತದೆ. ಗಾಳಿ ಎಲ್ಲಿಗೆ ಬಂತು ಅಂತ ಫೋನಿಲ್ದೆ ನೋಡ್ತೀನಿ."

ಅತ್ತೆ ಮನೆಯಲ್ಲಿದ್ದ ಕೊಡ, ಪಾತ್ರೆ, ಚೊಂಬು, ಕಡೆಗೆ ತಟ್ಟೆಯನ್ನೂ ಬಿಡದೆ ಮಂಚದ ಸುತ್ತ ಸಾಲಾಗಿ ಇಟ್ಟಳು. ಹೇಗೂ ಒಳಗೆ ಸುರಿಯುತ್ತದೆ, ಬೀಳುವುದಾದರೆ ಪಾತ್ರೆಗೇ ಬೀಳಲಿ ಎಂದಳು. ಅಕ್ಕಿಯ ಚೀಲವನ್ನು ಮಂಚದ ಅಡಿಗೆ ತಳ್ಳಿದಳು. ಹಳೆಯ ಕೊಡೆಯೊಂದನ್ನು ಮಾವನ ಕೈಗೆ ಕೊಟ್ಟಳು.

ಹೂವಿನ ಬ್ಲಾಕಿನಲ್ಲಿ ಒಂದೊಂದು ಟಾರ್ಪಾಲಿಗೆ ಆರಾರು ಜನ ನಿಂತೆವು. ಕೈ ಎತ್ತಿ, ಗಿಡದ ತುದಿಗೆ ತಾಗದ ಹಾಗೆ ಮೇಲೆ ಹಿಡಿಯಬೇಕು. ಮಳೆ ಇನ್ನೂ ಬಂದಿರಲಿಲ್ಲ. ಬಿಸಿಲು ಸುಡುತ್ತಿತ್ತು.

"ಮಳೆ ಬಂದ್ ಮೇಲೆ ಎತ್ತಿದ್ರೆ ಆಗಲ್ವಾ ರೈಟ್ರೇ?" ರಾಮಮ್ಮ ಕೇಳಿದಳು.

"ಲೇಟಾಗ್ತದೆ. ಹಿಡ್ಕೊಂಡೇ ಇರಿ."

ಹಿಡಿದುಕೊಂಡೇ ಇದ್ದೆವು. ಸ್ವಲ್ಪ ಹೊತ್ತಿಗೆ ಸಾಹುಕಾರರಿಗೆ ಇನ್ನೊಂದು ಯೋಚನೆ ಬಂತು. ಟಾರ್ಪಾಲು ಮುಚ್ಚಿದರೆ ಜೇನುನೊಣ ಹೂವಿಗೆ ಕೂರುವುದು ಹೇಗೆ? ಜೇನು ಬಂದಾಗ ಒಂದು ಪಕ್ಕ ಎತ್ತಿ, ಹನಿ ಬಂದಾಗ ಇಳಿಸಿ ಎಂದು ವರಾಂಡದಿಂದ ಹೇಳಿ ಕಳಿಸಿದರು. ನಾವು ಎತ್ತಿದೆವು, ಇಳಿಸಿದೆವು. ಜೇನುನೊಣಗಳು ನಮ್ಮ ಮುಖದ ಮೇಲೆ ಹಾದು ಒಳಗೆ ಹೋದವು, ಹೊರಗೆ ಬಂದವು. ಮದುವೆ ಮನೆ ಬಾಗಿಲಲ್ಲಿ ಬಂದವರನ್ನು ಕರೆಯಲು ನಿಂತ ಹಾಗಿತ್ತು ನಮ್ಮ ಕೆಲಸ. ಗೆಸ್ಟುಗಳು ಕುರ್ಚಿ ಹಾಕಿಸಿಕೊಂಡು ಜ್ಯೂಸು ಕುಡಿಯುತ್ತಾ ನೋಡಿದರು. ಗಿಡಗಳ ಮೇಲೆ ಎಂಥ ಪ್ರೀತಿ ಎಂದು ಒಬ್ಬರು ಚಪ್ಪಾಳೆ ತಟ್ಟಿದರು.

ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ರಟ್ಟೆ ಕಲ್ಲಾಗಿತ್ತು. ರಾಮಮ್ಮ ತಲೆ ತಿರುಗಿ ಕುಕ್ಕರಿಸಿದಳು. ಅವಳ ಕಡೆಯ ಅಂಚು ಜೋತು ಬಿತ್ತು.

"ಹೂ ತಾಗ್ತು! ಹೂ ತಾಗ್ತು!" ಎಂದು ಸಾಂತಪ್ಪನವರು ಓಡಿಬಂದರು. ರಾಮಮ್ಮನನ್ನು ದಾಟಿಕೊಂಡು ಹೋಗಿ ಅಂಚು ಹಿಡಿದರು.

ಆಮೇಲೆ ಬೆಳಕು ತಟ್ಟನೆ ಕಂದಿತು. ಸಿಲ್ವರ್ ಮರಗಳು ಬಾಗಿದವು. ಮೊದಲು ಆಲಿಕಲ್ಲು. ಟಾರ್ಪಾಲು ಹಿಡಿದವರು ಅಂಚಿನಿಂದ ಹೊರಗೆ ನಿಂತಿರುತ್ತಾರಲ್ಲ, ಹಾಗಾಗಿ ಹೂವಿನ ತಲೆಯ ಮೇಲೆ ಟಾರ್ಪಾಲು, ನಮ್ಮ ತಲೆಯ ಮೇಲೆ ಕಲ್ಲು. ಗೆಸ್ಟುಗಳು ಕಿರುಚುತ್ತಾ ಒಳಗೆ ಓಡಿದರು. ಆಮೇಲೆ ಮಳೆ. ಅಂತೂ ಮಳೆ. ಹಣೆಯಿಂದ ಇಳಿದ ನೀರು ತುಟಿಗೆ ಬಂತು. ನೆಕ್ಕಿದೆ. ಆ ಹೊತ್ತಿನಲ್ಲೂ ಮಾವ ನೆನಪಾದ. ಅವನ ಮೇಲೂ ಇದೇ ಮಳೆ ಬೀಳುತ್ತಿರುತ್ತದೆ. ಅವನ ಟಾರ್ಪಾಲು ನನ್ನ ಕೈಯಲ್ಲಿದೆ. ಅಡಿಯಲ್ಲಿ ಹೂ ಬೆಚ್ಚಗಿದೆ. ನನಗೆ ಅಳು ಬರಲಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಎಸೆಯುವಷ್ಟು ಸಿಟ್ಟು ಬಂತು.

ಟಾರ್ಪಾಲಿನ ನಡುವೆ ನೀರು ತುಂಬಿ ಜಗ್ಗತೊಡಗಿತು. ತೊಟ್ಟಿಲಿನ ಹಾಗೆ ಇಳಿಬಿತ್ತು.

"ಚೆಲ್ಲಿ! ರಸ್ತೆ ಕಡೆ ಚೆಲ್ಲಿ!" ಸಾಂತಪ್ಪನವರು ವರಾಂಡದ ಮೆಟ್ಟಿಲಿನಿಂದ ಕೂಗಿದರು.

ಮೊದಲ ನೀರು ಧೂಳಿನದ್ದು. ಚೆಲ್ಲಿದೆವು. ಮತ್ತೆ ತುಂಬಿತು. ಈ ಸಲ ತಿಳಿ ನೀರು. ಅಡಿಯ ನೀಲಿ ಬಣ್ಣ ಕಾಣುತ್ತಿತ್ತು. ಅತ್ತೆ ಅದನ್ನೇ ನೋಡಿದಳು. ಬಾಗಿದಳು. ಕೈ ಬಿಡದೆ ಅಂಚಿಗೆ ಬಾಯಿ ಇಟ್ಟು ಕುಡಿದಳು. ತುಂಬ ಹೊತ್ತು ಕುಡಿದಳು. ಆಮೇಲೆ ಮುಖ ಎತ್ತಿದಳು.

"ಚೆಲ್ಲಿ ಅಂದೆ!" ಸಾಂತಪ್ಪನವರು ಮತ್ತೆ ಕೂಗಿದರು.

"ಚೆಲ್ಲಲ್ಲ," ಎಂದಳು ಅತ್ತೆ. ನನ್ನ ಕಡೆ ತಿರುಗಿದಳು. "ಯಮುನ, ನಡೆ."

"ಎಲ್ಲಿಗೆ ಅತ್ತೆ?"

"ಮನೆಗೆ. ಮತ್ತೆಲ್ಲಿಗೆ?"

ನಡೆದೆವು. ಆರು ಜನ, ನಡುವೆ ಆ ನೀರು. ಹೆಣ ಹೊತ್ತ ಹಾಗೆ ಒಂದೇ ಹೆಜ್ಜೆಯಲ್ಲಿ ಹೋಗಬೇಕು, ಇಲ್ಲದಿದ್ದರೆ ಒಂದು ಕಡೆಗೆ ವಾಲುತ್ತದೆ. ಬೆರಳು ಕತ್ತರಿಸಿ ಬೀಳುವಷ್ಟು ಭಾರ. ಗಿಡದ ಕಡ್ಡಿ ಚುಚ್ಚಿ ಹರಿದೀತು ಎಂದು ಹೆದರಿಕೆ. ಹಿಂದೆ ತಿರುಗಿ ನೋಡಿದರೆ ಪಕ್ಕದ ಟಾರ್ಪಾಲೂ ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ರಾಮಮ್ಮ ಎದ್ದು ಅಂಚು ಹಿಡಿದಿದ್ದಳು. ಹೂವಿನ ಬ್ಲಾಕು ಬೆತ್ತಲೆಯಾಗಿ ಮಳೆಗೆ ನಿಂತಿತ್ತು.

ಸಾಂತಪ್ಪನವರು ಕೊಡೆ ಬಿಟ್ಟು ಓಡಿಬಂದು ದಾರಿಗೆ ಅಡ್ಡ ನಿಂತರು. "ಹೂ ಹೋಯ್ತು! ನನ್ನ ಕೆಲಸಾನೂ ಹೋಯ್ತು! ಎಂತ ಮಾಡ್ತಾ ಇದ್ದೀರಿ ನೀವು?"

"ನೀರು ಹೂವಿಗೆ ಬೇಡ ಅಂದೋರು ನೀವು," ಎಂದಳು ಅತ್ತೆ. "ನಮಗೆ ಬೇಕು. ತಗೊಂಡು ಹೋಗ್ತಾ ಇದ್ದೀವಿ. ಟಾರ್ಪಾಲು ನಮ್ದು. ದಾರಿ ಬಿಡಿ, ಚೆಲ್ತದೆ."

ಅವರು ದಾರಿ ಬಿಟ್ಟರು. ನೀರು ಚೆಲ್ಲಬಾರದು ಎಂದು ಅವರಿಗೂ ಅನಿಸಿರಬೇಕು. ಒಂದು ತಿರುವಿನಲ್ಲಿ ಅಂಚು ಜಾರಿದಾಗ ತಾವೇ ಕೈ ಹಾಕಿ ಹಿಡಿದರು. ಆಮೇಲೆ ನಾಚಿಕೆಯಾಗಿ ಬಿಟ್ಟರು.

ದಾರಿಯಲ್ಲಿ ಅರ್ಧ ಚೆಲ್ಲಿತು. ಅರ್ಧ ಮನೆ ಮುಟ್ಟಿತು. ಬಾಗಿಲು ತಳ್ಳಿದರೆ ಮಾವ ಮಂಚದ ಮೇಲೆ ಕೊಡೆ ಬಿಚ್ಚಿ ಕೂತಿದ್ದ. ಸೊಂಟ ಹೋದ ಮೇಲೆ ಮೊದಲ ಸಲ ಎದ್ದು ಕೂತಿದ್ದ. ಸುತ್ತಲಿನ ಪಾತ್ರೆಗಳು ತುಂಬಿ ತುಳುಕುತ್ತಿದ್ದವು.

"ನೀವು ತರೋಕೆ ಹೋದದ್ದು ಎಂತಕ್ಕೆ?" ಎಂದ. "ಇಲ್ಲಿಗೇ ಬಂದಿತ್ತಲ್ಲ."

ನಾವು ನಕ್ಕೆವು. ಹೊಟ್ಟೆ ನೋಯುವಷ್ಟು ನಕ್ಕೆವು. ಆಮೇಲೆ ಅತ್ತೆ ಮಂಚದ ಅಡಿಯಿಂದ ಅಕ್ಕಿಯ ಚೀಲ ಎಳೆದಳು. ಅಕ್ಕಿ ನೆನೆದು ಮುದ್ದೆಯಾಗಿತ್ತು. ನಗು ಅಲ್ಲಿಗೆ ನಿಂತಿತು.

ಸಂಜೆ ಮಳೆ ಸಣ್ಣಗಾಗಿತ್ತು. ಟಾರ್ಪಾಲನ್ನು ಮತ್ತೆ ಮಾಡಿನ ಮೇಲೆ ಕಟ್ಟುತ್ತಿದ್ದೆ. ಸಾಹುಕಾರರ ಜೀಪು ಬಂತು. ಲೈನಿನವರೆಲ್ಲ ಹೊರಗೆ ಬಂದರು.

"ನೀವು ಮಾಡಿದ್ದು ಕಳ್ಳತನ," ಎಂದರು ಅವರು. "ಎಸ್ಟೇಟಲ್ಲಿ ಬಿದ್ದ ಮಳೆ ಎಸ್ಟೇಟಿಂದು."

"ಆಯ್ತು ಸಾವ್ಕಾರ್ರೇ," ಎಂದಳು ಅತ್ತೆ. "ಮಳೆ ನಿಮ್ದು. ಸೋರೋದು ಮಾತ್ರ ನಮ್ದಾ?"

"ನಾಳೆಯಿಂದ ನಿಮಗ್ಯಾರಿಗೂ ಕೆಲಸ ಇಲ್ಲ."

"ಆಗ್ಲಿ. ಮೇಲಿನ ಬ್ಲಾಕಿಗೆ ಪೈಪು ಹೊರೋಕೆ ನಿಮ್ಮ ಗೆಸ್ಟುಗಳು ಉಂಟಲ್ಲ."

ಸಾಹುಕಾರರ ಮುಖ ಇಳಿಯಿತು. ಭಟ್ಟರ ಸಂಕಲ್ಪ ದೇವರಿಗೆ ತಲೆಕೆಳಗಾಗಿ ಮುಟ್ಟಿತ್ತು. ರಸ್ತೆಯಿಂದ ಕೆಳಗೆ ಸುರಿದ ಮಳೆ, ರಸ್ತೆಯಿಂದ ಮೇಲೆ ಧೂಳು ಕೂರುವಷ್ಟೂ ಬಿದ್ದಿರಲಿಲ್ಲ. ಅವರು ಜೇಬಿನಿಂದ ಫೋನು ತೆಗೆದು ನೋಡಿದರು. ನಾನು ಮಾಡಿನಿಂದ ಇಳಿದು ಅವರ ಪಕ್ಕದಲ್ಲೇ ನಿಂತಿದ್ದೆ. ಈಗ ನಿಮ್ಮ ಜಾಗದಲ್ಲಿ ಮಳೆ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಆ ಅಕ್ಷರದ ಮೇಲೆ ಹನಿ ಬೀಳುತ್ತಿತ್ತು. ಅವರು ಅಂಗಿಯಿಂದ ಒರೆಸಿ ಒರೆಸಿ ಓದಿದರು.

ಅವರು ಹೋಗಲಿಲ್ಲ. ಜೀಪಿನ ಹಿಂದೆ ಖಾಲಿ ಕ್ಯಾನುಗಳಿದ್ದವು. ಮರ ಬಿದ್ದು ಕರೆಂಟು ಹೋಗಿತ್ತು. ಮೋಟರು ಓಡುವುದಿಲ್ಲ. ಟ್ಯಾಂಕಿನ ನೀರನ್ನು ಹೂ ಕುಡಿದಾಗಿತ್ತು. ಬಂಗಲೆಯ ನಲ್ಲಿಯಲ್ಲಿ ಹನಿ ನೀರಿಲ್ಲ, ಒಳಗೆ ಗೆಸ್ಟುಗಳು. ಸಾಹುಕಾರರು ಒಂದು ಕ್ಯಾನು ಕೈಗೆತ್ತಿಕೊಂಡು ಬೇರೆ ಕಡೆ ನೋಡುತ್ತಾ ಹೇಳಿದರು.

"ಏಯ್, ಇದಕ್ಕೆ ಸ್ವಲ್ಪ ನೀರು ತುಂಬಿಸು."

ಅತ್ತೆ ಅಲುಗಾಡಲಿಲ್ಲ. "ಯಾರ್ನ ಕರೆದದ್ದು?"

"ನಿನ್ನನ್ನೇ."

"ನಂಗೊಂದು ಹೆಸರುಂಟು. ಹೇಳಿ, ಕೊಡ್ತೀನಿ."

ಮಗುವಾಗಿದ್ದಾಗ ಅವರನ್ನು ಸೊಂಟದಲ್ಲಿ ಎತ್ತಿಕೊಂಡು ಈ ತೋಟವೆಲ್ಲ ತಿರುಗಿಸಿದವಳು ಅತ್ತೆ. ಅವರು ಜೀಪಿನಲ್ಲಿದ್ದ ಸಾಂತಪ್ಪನವರ ಕಡೆ ತಿರುಗಿದರು.

"ಅವ್ರನ್ನಲ್ಲ," ಎಂದಳು ಅತ್ತೆ. "ನನ್ನ ಕೇಳಿ. ಹುಟ್ಟದ ಗಾಳಿ ಹೆಸರು ನಿಮಗೆ ಬಾಯಿಪಾಠ. ನಿಮ್ಮ ಉಚ್ಚೆಬಟ್ಟೆ ಒಗೆದೋಳ ಹೆಸರು ಗೊತ್ತಿಲ್ಲ. ಕೇಳಿ."

ಅವರು ಕೇಳಿದರು. ಬಹಳ ಮೆಲ್ಲಗೆ ಕೇಳಿದರು.

"ಚೋಮಿ," ಎಂದಳು ಅತ್ತೆ, ಲೈನಿಗೆಲ್ಲ ಕೇಳುವ ಹಾಗೆ.

"ಚೋಮಿ, ನೀರು ಕೊಡು."

"ಕೊಡ್ತೀನಿ. ನಮ್ಮ ನಲ್ಲಿ ಕೀ ಕೊಡಿ."

ಜೇಬಿಗೆ ಕೈ ಹೋಯಿತು. ಕೀ ಹೊರಗೆ ಬಂತು. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಒಳಗಿನಿಂದ ಕೊಡ ತಂದು ಕ್ಯಾನಿಗೆ ಬಗ್ಗಿಸಿದಳು. ಅವಳ ಕಾಲದಲ್ಲಿ ಬಂಗಲೆಯ ಹಿಂದೆ ನಮ್ಮವರು ಬೊಗಸೆ ಒಡ್ಡಿ ನಿಲ್ಲಬೇಕಿತ್ತು, ಪಾತ್ರೆ ತಾಗದ ಹಾಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದರು. ಅವತ್ತು ಅತ್ತೆಯ ಕೊಡದ ಬಾಯಿ ಅವರ ಕ್ಯಾನಿನ ಬಾಯಿಗೆ ತಾಗಿತು. ಸಾಹುಕಾರರು ಎರಡೂ ಕೈಯಲ್ಲಿ ಕ್ಯಾನು ಹಿಡಿದುಕೊಂಡು ನಿಂತಿದ್ದರು.

ಮರುದಿನ ಕರೆಂಟು ಬಂತು, ಮೋಟರು ಓಡಿ ಟ್ಯಾಂಕಿಗೆ ನೀರೇರಿತು. ಮೇಲಿನ ಬ್ಲಾಕಿಗೆ ಪೈಪು ಹೊರಬೇಕು, ಕೆಲಸಕ್ಕೆ ಬನ್ನಿ ಎಂದು ಸಾಂತಪ್ಪನವರು ಬಂದು ಕರೆದರು. ಅತ್ತೆ ಮೊದಲು ಗುಡ್ಡ ಹತ್ತಿ ವಾಲ್ವ್ ತಿರುಗಿಸಿದಳು. ನಮ್ಮ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು. ನಮ್ಮ ಕೊಡಗಳೆಲ್ಲ ತುಂಬುವವರೆಗೆ ಯಾರೂ ಪೈಪಿಗೆ ಹೆಗಲು ಕೊಡಲಿಲ್ಲ.

ಟಿವಿಯಲ್ಲಿ ಗಾಳಿಯ ಸುದ್ದಿ ಬಂತು. ಅದು ಚಂಡಮಾರುತ ಆಗಲೇ ಇಲ್ಲವಂತೆ. ಸಮುದ್ರದಲ್ಲೇ ಸತ್ತಿತಂತೆ. ಅದಕ್ಕೆಂದು ಇಟ್ಟ ಹೆಸರನ್ನು ಮುಂದೆ ಹುಟ್ಟುವುದಕ್ಕೆ ಕೊಡುತ್ತಾರಂತೆ.

ಚೋಮಿ ಇದ್ದಾಳೆ. ಕೀ ಅವಳ ಸೊಂಟದಲ್ಲಿದೆ.